ಎರಡು ಹಸಿರುಗಳ ನಡುವೆ ಒಂದು ಕರಡಿ

ತೂಕದಲ್ಲಿ ಗುಂಜಿಯಷ್ಟೂ ತಪ್ಪದವರು. ಅಳತೆಯಲ್ಲಿ ಕೂದಲೆಳೆಯಷ್ಟೂ ಅಲುಗದವರು. ಮೂವತ್ತೆರಡು ವರ್ಷಗಳ ಸೇವೆಯಲ್ಲಿ ಒಂದೇ ಒಂದು ಸುಳ್ಳು ವರದಿಗೂ ಸಹಿ ಹಾಕದ ಬಲಗೈಯನ್ನು ಪಡೆದವರು. ವರ್ತಕರು ಎಳೆದು ಕೊಟ್ಟ ಕುರ್ಚಿಯಲ್ಲಿ ಕೂರದವರು, ತಂದು ಕೊಟ್ಟ ನೀರನ್ನು ಕುಡಿಯದವರು, ಬಾಯಾರಿದರೆ ಮನೆಯಿಂದ ಒಯ್ದ ಬಾಟಲಿಯನ್ನೇ ಗೆರೆ ನೋಡಿ ಗುಟುಕರಿಸುವವರು. ಸವೆದ ತೂಕದ ಕಲ್ಲಿಗೆ ಸಾಕ್ಷಾತ್ ಯಮನೂ, ಸಾಚಾ ಕಲ್ಲಿಗೆ ಹೆತ್ತ ತಂದೆಯೂ ಆದವರು. ಮಿತಾಹಾರಿಗಳು, ಮಿತಭಾಷಿಗಳು, ಕೋಪದಲ್ಲಿ ಮಾತ್ರ ಧಾರಾಳಿಗಳು. ದೇವರ ಮುಂದೆ ಕೈಜೋಡಿಸಿದಾಗಲೂ ಎರಡು ಹೆಬ್ಬೆರಳುಗಳು ಸಮವಾಗಿವೆಯೇ ಎಂದು ಒಂದು ಕಣ್ಣನ್ನು ಅರೆತೆರೆದು ನೋಡಿಕೊಳ್ಳುವವರು: ಇತ್ಯಾದಿ ಸದ್ಗುಣಗಳಿಂದ ಅಲಂಕೃತರಾದ, ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರರನ್ನು ಊರಿನವರು ತಕ್ಕಡಿ ಸಾಹೇಬರು ಎಂದು ಕರೆಯುತ್ತಿದ್ದರು. ಎದುರಿಗೇ ಹಾಗೆ ಕರೆದರೂ ಅವರು ಬೇಸರಿಸುತ್ತಿರಲಿಲ್ಲ. ತಕ್ಕಡಿಯನ್ನು ಬೈಗುಳವೆಂದು ತಿಳಿಯುವವನ ತೂಕದಲ್ಲಿಯೇ ಏನೋ ದೋಷವಿರಬೇಕೆಂಬುದು ಅವರ ಖಚಿತವಾದ ಅಭಿಪ್ರಾಯ.

ಇಂತಹ ಮಹನೀಯರು ನಿವೃತ್ತರಾದ ಮರುವಾರವೇ ಮೃದು ಪೇಸ್ಟಲ್ ಕಡ್ಡಿಗಳ ಪೆಟ್ಟಿಗೆಯೊಂದನ್ನು ಮನೆಗೆ ತಂದರು. ಒಟ್ಟು ನೂರಿಪ್ಪತ್ತು ಕಡ್ಡಿಗಳು. ಅವುಗಳಲ್ಲಿ ಹಸಿರೇ ಇಪ್ಪತ್ತೇಳು. ಪೇಸ್ಟಲ್ ಎಂಬುದು ಬಣ್ಣದ ಪುಡಿಯನ್ನು ಹೇಗೋ ಪುಸಲಾಯಿಸಿ ಕಡ್ಡಿಯ ಆಕಾರದಲ್ಲಿ ನಿಲ್ಲಿಸಿದ ವಸ್ತು. ಮುಟ್ಟಿದರೆ ಬೆರಳಿಗೆ, ಒರೆಸಿದರೆ ಬಟ್ಟೆಗೆ, ಊದಿದರೆ ಇಡೀ ಮನೆಗೆ ಅದು ತನ್ನನ್ನು ತಾನೇ ಸಮರ್ಪಿಸಿಕೊಳ್ಳುತ್ತದೆ. ತರಿತರಿಯಾದ ಕಾಗದದ ಮೇಲೆ ಅದನ್ನು ಎಳೆದು, ಬೆರಳ ತುದಿಯಿಂದ ಮೆಲ್ಲಗೆ ತೀಡಿದರೆ ದೂರದ ಬೆಟ್ಟಗಳು ಮಂಜಿನಲ್ಲಿ ಕರಗುವ ಸೊಗಸು ಬೇರೆ ಯಾವ ಬಣ್ಣಕ್ಕೂ ಬಾರದು. ಆ ಬೆರಳನ್ನು ತೊಳೆಯದೆ ಎದ್ದರೆ ಆಗುವ ಪರಿಣಾಮವೂ ಬೇರೆ ಯಾವ ಬಣ್ಣಕ್ಕೂ ಬಾರದು. ಸಾಹೇಬರ ಮನೆಯ ಸ್ವಿಚ್ಚುಗಳು ಒಂದೊಂದಾಗಿ ವರ್ಣಮಯವಾದವು. ಬಾಗಿಲ ಚಿಲಕದ ಮೇಲೆ ಸರೋವರದ ನೀಲಿ, ದಿಂಬಿನ ಅಂಚಿನಲ್ಲಿ ಮುಂಜಾವದ ಗುಲಾಬಿ. ವೈದ್ಯರು ನಿಷೇಧಿಸಿದ್ದ ಸಕ್ಕರೆ ಡಬ್ಬಿಯ ಮುಚ್ಚಳದ ಮೇಲೆ, ಬೆರಳಿನ ಗೆರೆಗಳ ಸಮೇತ, ಸೂರ್ಯಾಸ್ತದ ಕಿತ್ತಳೆ. (ಸಕ್ಕರೆ ತಿಂದಿಲ್ಲವೆಂದು ಸಾಹೇಬರು ಎಂದೂ ಸುಳ್ಳು ಹೇಳಲಿಲ್ಲ. ಕೇಳಿದಾಗ ಸುಮ್ಮನಿದ್ದರು, ಅಷ್ಟೆ.)

ಇದನ್ನೆಲ್ಲ ಒರೆಸುತ್ತಿದ್ದವರು ಅವರ ಧರ್ಮಪತ್ನಿ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಅವರನ್ನು ಬೀದಿಗೆ ಬೀದಿಯೇ ಟೀಚರಮ್ಮ ಎನ್ನುತ್ತಿತ್ತು. ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯಲ್ಲಿ ಅವರದು ಎತ್ತಿದ ಕೈ. ಕತ್ತನ್ನು ತಿರುಗಿಸದೆಯೇ ನಾಲ್ಕನೆಯ ಸಾಲಿನ ಕೊನೆಯ ಬೆಂಚಿನಲ್ಲಿ ತೋಳಿನೊಳಗಿಂದ ಇಣುಕಿದ ಚೀಟಿಯನ್ನು ಕಾಣಬಲ್ಲ, ಕಂಡ ಮೇಲೂ ಮುಖದ ಒಂದು ಗೆರೆಯನ್ನೂ ಬದಲಿಸದೆ ಇರಬಲ್ಲ ಸ್ಥಿತಪ್ರಜ್ಞೆ ಆಕೆ.

ಸಾಹೇಬರಿಗಿದ್ದುದು ಒಂದೇ ಆಸೆ. ಊರಿನ ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ ಪ್ರವಾಸಿ ಚಿತ್ರಕಾರರ ಸಂಘವು ವರ್ಷಕ್ಕೊಮ್ಮೆ ಪ್ರದರ್ಶನ ನಡೆಸುತ್ತಿತ್ತು. ಸದಸ್ಯರು ತಮ್ಮ ಪ್ರವಾಸಗಳಲ್ಲಿ ಕಂಡ ಬೆಟ್ಟ, ಕಾಡು, ಹಕ್ಕಿ, ಮೃಗಗಳನ್ನು ಚಿತ್ರಿಸಿ ಅಲ್ಲಿಯ ಉತ್ತರದ ಗೋಡೆಯ ಮೇಲೆ ತೂಗುಹಾಕುವರು; ಆಯ್ಕೆಯಾದರೆ ಹೊರಗಿನವರ ಚಿತ್ರಕ್ಕೂ ಅಲ್ಲಿ ಜಾಗವಿತ್ತು. ಸಾಯುವುದರೊಳಗೆ ಆ ಗೋಡೆಯ ಮೇಲೆ ಒಮ್ಮೆ ತಾವೂ ಇರಬೇಕೆಂಬುದು ಅವರ ಹಂಬಲ. ಮೂರು ವರ್ಷ ಮೂರು ಭೂದೃಶ್ಯಗಳನ್ನು ಕಳುಹಿಸಿದ್ದರು. ಮೂರೂ ಸಲ ಆಯ್ಕೆ ಸಮಿತಿಯು “ಬೆಟ್ಟ ಸರಿಯಾಗಿದೆ, ಜೀವ ಸಾಲದು” ಎಂಬ ಒಂದೇ ಒಕ್ಕಣೆಯ ಚೀಟಿ ಅಂಟಿಸಿ ಹಿಂದಿರುಗಿಸಿತ್ತು. ಜೀವವೆಂದರೆ ಪ್ರಾಣಿಯೇ ಇರಬೇಕೆಂದು ಸಾಹೇಬರು ಅರ್ಥಮಾಡಿಕೊಂಡರು.

ಇಲ್ಲಿಯೇ ತೊಡಕು. ವರ್ಷಕ್ಕೆ ಎರಡು ಪ್ರವಾಸಗಳಂತೆ ಏಳು ವರ್ಷ ಕಾಡುಮೇಡು ಅಲೆದಿದ್ದರೂ ಸಾಹೇಬರ ಕಣ್ಣಿಗೆ ಬಿದ್ದ ವನ್ಯಜೀವಿ ಒಂದೇ: ಅವರ ಕಾಗದದ ಮೇಲೆ ಹರಿದಾಡಿದ ಒಂದು ಇರುವೆ. ಇದಕ್ಕೆ ಕಾರಣ ಅವರ ಕಾರ್ಯವಿಧಾನ. ಸ್ಥಳ ಸೇರಿದೊಡನೆ ಮಡಿಚುಪೀಠ ಬಿಡಿಸಿ ಕೂರುವುದು, ಪೆಟ್ಟಿಗೆಯನ್ನು ತೊಡೆಯ ಮೇಲೆ ತೆರೆಯುವುದು, ನೂರಿಪ್ಪತ್ತು ಕಡ್ಡಿಗಳನ್ನೂ ಎಣಿಸಿ ತಿಳಿಯಿಂದ ಗಾಢದವರೆಗೆ ಸಾಲಾಗಿ ಜೋಡಿಸುವುದು, ಆಮೇಲೆ ಎದುರಿನ ಮರಗಳಿಗೆ ಒಪ್ಪುವ ಹಸಿರನ್ನು ಹುಡುಕುವುದು. ಅದು ಹನ್ನೊಂದನೆಯ ಹಸಿರೋ ಹದಿನಾಲ್ಕನೆಯದೋ ಎಂಬುದು ನಿರ್ಣಯವಾಗದೆ ತಲೆಯೆತ್ತುವುದು ಅವರ ಆತ್ಮಸಾಕ್ಷಿಗೆ ಒಗ್ಗದ ಮಾತು. ನಿರ್ಣಯವಾಗಿ ತಲೆಯೆತ್ತುವ ಹೊತ್ತಿಗೆ ಎದುರಿನಲ್ಲಿ ಹಸಿರೊಂದು ಮಾತ್ರ ಉಳಿದಿರುತ್ತಿತ್ತು. ಜಿಂಕೆ ಬಂದು ಹೋಗಿರುವುದು, ಕೊಕ್ಕರೆ ಮೀನು ಹಿಡಿದು ನುಂಗಿ ಹಾರಿಹೋಗಿರುವುದು, ನೀರುನಾಯಿ ಸಕುಟುಂಬವಾಗಿ ಜಲಕ್ರೀಡೆ ಮುಗಿಸಿ ಹಿಂದಿರುಗಿರುವುದು. ಇವೆಲ್ಲವನ್ನೂ ಪಕ್ಕದ ಬಂಡೆಯ ಮೇಲೆ ಕುಳಿತ ಟೀಚರಮ್ಮ ಸಾವಧಾನವಾಗಿ ನೋಡಿರುತ್ತಿದ್ದರು. ಆದ್ದರಿಂದ ಭೂಮ್ಯಾಕಾಶಗಳನ್ನು ಸಾಹೇಬರು ಕಣ್ಣಾರೆ ಕಂಡು ಬರೆಯುವುದು, ಪ್ರಾಣಿಯನ್ನು ಮನೆಗೆ ಬಂದ ಮೇಲೆ ಪತ್ನಿಯ ಸಾಕ್ಷ್ಯದ ಮೇರೆಗೆ ತುಂಬುವುದು ಎಂಬ ಒಡಂಬಡಿಕೆ ಏರ್ಪಟ್ಟಿತ್ತು.

ಕಳೆದ ಪ್ರವಾಸದಲ್ಲಿ, ಬೆಟ್ಟಗಳ ನಡುವಿನ ಒಂದು ಸರೋವರದ ದಡದಲ್ಲಿ, ಕರಡಿ ಬಂದಿತ್ತು. ಜೊತೆಗೆ ಎರಡು ಮರಿಗಳು. ಸಾಹೇಬರು ತಲೆಯೆತ್ತಿದಾಗ ನೀರಿನಲ್ಲಿ ಅಲೆಗಳ ಉಂಗುರ ಮಾತ್ರ ಇತ್ತು. ಅಲೆಗಳ ಉಂಗುರವನ್ನು ಅವರು ಅತ್ಯಂತ ನಿಖರವಾಗಿ ಬರೆದುಕೊಂಡರು. ಮನೆಗೆ ಬಂದು, ಹಲಗೆಗೆ ಹೊಸ ಕಾಗದ ಬಿಗಿದು, ಸಾಕ್ಷಿಯನ್ನು ಎದುರಿಗೆ ಕೂರಿಸಿಕೊಂಡರು.

“ಬೆನ್ನು ಹೇಗಿತ್ತು?”

“ಅರ್ಧವೃತ್ತ. ಭುಜದ ಹತ್ರ ಸ್ವಲ್ಪ ಏರು.”

“ಸ್ವಲ್ಪ ಅಂದ್ರೆ ಎಷ್ಟು?”

“ಇಪ್ಪತ್ತು ಡಿಗ್ರಿ ಅಂತ ಇಟ್ಕೊಳ್ಳಿ.”

“ಇಟ್ಕೊಳ್ಳೋಕೆ ಆಗಲ್ಲ ಕಣೇ. ಇದ್ದದ್ದು ಹೇಳು.”

“ಕೋನಮಾಪಕ ಹಿಡ್ಕೊಂಡು ಕರಡಿ ಪಕ್ಕ ನಿಂತಿರಲಿಲ್ಲ ರೀ ನಾನು.”

“ಬಾಲ?”

“ಇತ್ತು. ಇದ್ದೂ ಇಲ್ಲದ ಹಾಗೆ. ನಿಮ್ಮ ತಮ್ಮ ನಮ್ಮನೆ ಕೆಲಸಕ್ಕೆ ಬಂದಾಗ ಇರ್ತಾರಲ್ಲ, ಹಾಗೆ.”

ತಮ್ಮನ ಪ್ರಸ್ತಾಪವನ್ನು ಸಾಹೇಬರು ಕಡತಕ್ಕೆ ಸೇರಿಸಲಿಲ್ಲ. ಏಳು ವಾರ ಈ ವಿಚಾರಣೆ ನಡೆಯಿತು. ಕಪ್ಪು ಕಡ್ಡಿಯನ್ನು ನೇರವಾಗಿ ಬಳಿದರೆ ಪ್ರಾಣಿಯು ಕಾಗದದಲ್ಲಿ ಬಿದ್ದ ತೂತಿನಂತೆ ಕಾಣುವುದರಿಂದ ಗಾಢ ನೀಲಿಯ ಮೇಲೆ ಕಂದು, ಕಂದಿನ ಮೇಲೆ ನೇರಳೆ ಎಂದು ಪದರಪದರವಾಗಿ ಕರಡಿಯನ್ನು ಕಟ್ಟಿದರು. ಪದರ ಹೆಚ್ಚಾದರೆ ಕಾಗದದ ತರಿ ತುಂಬಿ ಬಣ್ಣ ನಿಲ್ಲದೆ ಜಾರುತ್ತದೆ. ಆ ಗಡಿಯ ಒಂದು ಪದರ ಈಚೆಗೆ ಕೈ ತಡೆದರು. ಮುಗಿದಾಗ ಸಾಕ್ಷಿಯು ಚಿತ್ರವನ್ನು ಬಹಳ ಹೊತ್ತು ನೋಡಿ, ಕರಡಿಯೇನೋ ಅದೇ ಎಂದು ಒಪ್ಪಿಕೊಂಡರು. ಸರೋವರದ ಆಚೆ ದಡದಲ್ಲಿ ತಲೆ ಬಗ್ಗಿಸಿ ನೀರು ಕುಡಿಯುವ ತಾಯಿ, ಪಕ್ಕದಲ್ಲಿ ಎರಡು ಮರಿಗಳು. ಅದರಲ್ಲಿ ಜೀವವಿತ್ತು. ಸಾಹೇಬರಿಗೇ ನೋಡಿ ಸ್ವಲ್ಪ ಹೆದರಿಕೆಯಾಯಿತು.

ಆಗ ಸಂಘದಿಂದ ಅರ್ಜಿ ನಮೂನೆ ಬಂದಿತು. ಹಿಂದಿನ ವರ್ಷ ಸದಸ್ಯರೊಬ್ಬರು ಬಹು ಸುಂದರವಾದ ಪೆಂಗ್ವಿನ್ ಹಿಂಡನ್ನು ಬರೆದು ತಂದಿದ್ದು, ಎಲ್ಲಿ ಕಂಡಿರೆಂದು ಸಭೆಯಲ್ಲಿ ಕೇಳಿದಾಗ, ಸಂಘದ ಕಾರ್ಯದರ್ಶಿಗಳ ಆಸ್ಪತ್ರೆಯ ಕ್ಯಾಲೆಂಡರಿನಲ್ಲಿ ಎಂದು ಉತ್ತರಿಸಿದ್ದರಿಂದ ಸಂಘಕ್ಕೆ ಅವಮಾನವಾಗಿತ್ತು. ಆದಕಾರಣ ಈ ವರ್ಷ ಹೊಸದೊಂದು ಸಾಲು: “ಈ ಚಿತ್ರದಲ್ಲಿರುವುದನ್ನು ಕೆಳಗೆ ಸಹಿ ಮಾಡಿದ ನಾನು ಸ್ಥಳದಲ್ಲಿ ಕಣ್ಣಾರೆ ಕಂಡಿರುತ್ತೇನೆ.”

ತಕ್ಕಡಿ ಸಾಹೇಬರು ಲೇಖನಿಯ ಮುಚ್ಚಳ ತೆರೆದರು, ಸಾಲನ್ನು ಓದಿದರು, ಮುಚ್ಚಳ ಹಾಕಿದರು. ಎರಡು ದಿನ ಊಟದಲ್ಲಿ ರುಚಿ ಹತ್ತಲಿಲ್ಲ.

“ಬೆಟ್ಟ ನೀವು ನೋಡಿದೀರಿ, ಕರಡಿ ನಾನು ನೋಡಿದೀನಿ. ಇಬ್ಬರೂ ಸೈನ್ ಹಾಕೋಣ,” ಎಂದರು ಟೀಚರಮ್ಮ.

“ಒಂದೇ ಗೆರೆ ಕೊಟ್ಟಿದಾರೆ.”

“ಹಾಗಾದ್ರೆ ಕರಡಿ ಅಳಿಸಿ.”

ಕರಡಿಯನ್ನು ಅಳಿಸುವ ಮಾತು ಸಾಹೇಬರ ಎದೆಗೆ ನಾಟಿತು. ವಿಷಯವನ್ನು ಇದ್ದದ್ದು ಇದ್ದಂತೆ ಕಾರ್ಯದರ್ಶಿಗಳಿಗೆ ನಿವೇದಿಸಿ ವಿನಾಯಿತಿ ಕೇಳುವುದೆಂದು ನಿಶ್ಚಯಿಸಿ, ನಾಲ್ಕು ಪುಟಗಳ ನಿವೇದನಾಪತ್ರವನ್ನು ರಚಿಸಿ, ಚಿತ್ರವನ್ನೂ ಪತ್ನಿಯನ್ನೂ ಜೊತೆಗಿಟ್ಟುಕೊಂಡು ಹೊರಟರು.

ಕಾರ್ಯದರ್ಶಿಗಳು ದಂತವೈದ್ಯರು. ಇಪ್ಪತ್ತೈದು ವರ್ಷಗಳಿಂದ, ಬಾಯಿ ತೆರೆದು ಮಲಗಿದ ಜನರೊಡನೆಯೇ ಸಂಭಾಷಿಸಿದ್ದರಿಂದ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು. ಕೇಳುವರು, ತಾವೇ ಒಂದು ಉತ್ತರ ಕೊಟ್ಟುಕೊಳ್ಳುವರು, ಅದರ ಮೇಲೆ ಕಾರ್ಯಪ್ರವೃತ್ತರಾಗುವರು. ಆಸ್ಪತ್ರೆಯಲ್ಲಿ ಬೇರೆ ಆಸನವಿಲ್ಲದ ಕಾರಣ ಸಾಹೇಬರನ್ನು ರೋಗಿಯ ಕುರ್ಚಿಯಲ್ಲಿಯೇ ಕೂರಿಸಿದರು. ಅದು ತಾನಾಗಿ ಹಿಂದಕ್ಕೆ ಬಾಗಿತು. ವೈದ್ಯರ ಕೈ ತಾನಾಗಿ ದೀಪವನ್ನು ಎಳೆಯಿತು. ನಿವೇದನೆಯ ಮೊದಲ ವಾಕ್ಯಕ್ಕೆಂದು ಸಾಹೇಬರು ತೆರೆದ ಬಾಯೊಳಗೆ ಕನ್ನಡಿಯೊಂದು ಪ್ರವೇಶಿಸಿತು.

“ದವಡೇಲಿ ತೂತಿದೆ. ನೋವಿದೆಯಾ? ಇರುತ್ತೆ,” ಎಂದರು ವೈದ್ಯರು. ಬಲಗೈಯಲ್ಲಿ ಕೊಕ್ಕೆ ಹಿಡಿದುಕೊಂಡೇ ಗೋಡೆಗೆ ಆನಿಸಿದ್ದ ಚಿತ್ರದತ್ತ ತಿರುಗಿದರು. “ಭಲೇ ಕರಡಿ. ಯಾರು ನೋಡಿದ್ದು?”

“ನಾನು,” ಎಂದರು ಟೀಚರಮ್ಮ, ಏಕೆಂದರೆ ಅದು ಸತ್ಯ.

“ಮತ್ತೆ ಸೈನ್ ನೀವೇ ಹಾಕಬೇಕು. ಯಜಮಾನರು ಅರ್ಜಿ ತರೋಕೆ ಬಂದ್ರು ಅಂತ ಕಾಣುತ್ತೆ. ಹೌದಲ್ವಾ ಸರ್? ಹೌದು.”

“ಆ ಆಆ ಆ,” ಎಂದು ತಕ್ಕಡಿ ಸಾಹೇಬರು ನಿವೇದಿಸಿದರು.

ಟೀಚರಮ್ಮ ಆ ಸಾಲನ್ನು ಎರಡು ಬಾರಿ ಓದಿದರು. ಕಣ್ಣಾರೆ ಕಂಡಿರುತ್ತೇನೆ ಎಂದಿತ್ತು, ಕಂಡಿದ್ದರು, ಸಹಿ ಹಾಕಿದರು. ಹೊಸ ಅರ್ಜಿದಾರರು ಪ್ರದರ್ಶನದ ದಿನ ಸಭಾಂಗಣದಲ್ಲಿ ಒಂದು ಗಂಟೆ ಕುಳಿತು ತಾವು ಕಂಡದ್ದನ್ನು ಎಲ್ಲರೆದುರು ಮತ್ತೊಮ್ಮೆ ಬರೆದು ತೋರಿಸತಕ್ಕದ್ದು ಎಂಬ ಎರಡನೆಯ ನಿಯಮವನ್ನು ವೈದ್ಯರು ಹಲ್ಲಿನ ತೂತು ತುಂಬುತ್ತ ತುಂಬುತ್ತ ತಿಳಿಸಿದರು. ಸಾಹೇಬರ ಬಾಯಿ ಮುಕ್ತವಾಗುವ ವೇಳೆಗೆ ಅರ್ಜಿಯು ರಿಜಿಸ್ಟರಿಗೆ ಏರಿಯಾಗಿತ್ತು. ಅರ್ಧ ಮುಖ ಮರಗಟ್ಟಿದ್ದರಿಂದ ಮುಕ್ತವಾದ ಬಾಯಿಯಿಂದಲೂ ಪ್ರಯೋಜನವಾಗಲಿಲ್ಲ.

ಮನೆಗೆ ಬಂದ ಮೇಲೆ ಅವರನ್ನು ಒಂದು ಧರ್ಮಸೂಕ್ಷ್ಮ ಕಾಡಿತು. ಬಾಯಲ್ಲಿ ಉಪಕರಣವಿರುವಾಗ ಆಡದೆ ಉಳಿದ ಮಾತು ಸುಳ್ಳೆನಿಸುವುದೇ, ಇಲ್ಲವೇ? ಇಲ್ಲವೆನ್ನುವುದಾದರೂ, ಉಪಕರಣ ತೆಗೆದ ಮೇಲೆ? ತಿದ್ದುಪಡಿಯ ಪತ್ರವೊಂದನ್ನು ಬರೆದರು. ಲಕೋಟೆಗೆ ಹಾಕಿ ಅಂಟಿಸಿದರು. ಅಂಟು ಚೆನ್ನಾಗಿ ಒಣಗಲೆಂದು ಒಂದು ದಿನ ಬಿಟ್ಟರು. ಮರುದಿನ ಮೋಡ ಕವಿದಿದ್ದುದರಿಂದ ಇನ್ನೂ ಒಂದು ದಿನ ಬಿಟ್ಟರು. ಅಷ್ಟರಲ್ಲಿ ಚಿತ್ರ ಆಯ್ಕೆಯಾದ ಸುದ್ದಿ ಬಂದು, ಅವರ ಮನಸ್ಸು ಉತ್ತರದ ಗೋಡೆಯ ಮುಂದೆ ನಿಂತು, ತಮ್ಮ ಕರಡಿಗೆ ಯಾವ ಕಿಟಕಿಯ ಬೆಳಕು ಅನುಕೂಲವೆಂದು ಯೋಚಿಸತೊಡಗಿತ್ತು. ಹೆಸರು ಯಾರದಾದರೇನು, ಕರಡಿ ನನ್ನದಲ್ಲವೇ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಮೂವತ್ತೆರಡು ವರ್ಷಗಳಲ್ಲಿ ಇಂತಹ ವಾದವನ್ನು ಅವರು ಅನೇಕ ವರ್ತಕರ ಬಾಯಿಂದ ಕೇಳಿದ್ದರು; ಎಲ್ಲರಿಗೂ ಶಿಕ್ಷೆ ವಿಧಿಸಿದ್ದರು.

ಇನ್ನು ಹತ್ತು ದಿನಗಳಲ್ಲಿ ಟೀಚರಮ್ಮನನ್ನು ಚಿತ್ರಕಾರರನ್ನಾಗಿ ಮಾಡಬೇಕಿತ್ತು. ಬಳಪವನ್ನು ಹಲಗೆಗೆ ಒತ್ತಿ ಬರೆದ ಕೈ ಅದು. ಮೊದಲ ದಿನವೇ ಸಾಹೇಬರ ಪ್ರಾಣಪ್ರಿಯವಾದ ಗಾಢ ನೀಲಿ ಮೂರು ತುಂಡಾಯಿತು. ಬಣ್ಣವನ್ನು ಬೆರಳಿಂದ ತೀಡೆಂದರೆ ಬೋರ್ಡು ಒರೆಸುವಂತೆ ಅಂಗೈಯಿಂದ ಒರೆಸಿಬಿಟ್ಟರು. ಸಾಹೇಬರು ತಲೆ ಚಚ್ಚಿಕೊಂಡರು, ಹಣೆಯಲ್ಲಿ ಹಳದಿ ಮೂಡಿತು. ತಮ್ಮ ಚಿತ್ರವನ್ನು ಎದುರಿಗಿಟ್ಟು ಅದನ್ನೇ ನಕಲು ಮಾಡೆಂದು ಒತ್ತಾಯಿಸಿದರೆ, ನಕಲು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಆಕೆ ಕಡ್ಡಿಯನ್ನು ಕೆಳಗಿಟ್ಟರು.

“ಮೂವತ್ತು ವರ್ಷ ಬೇರೆಯವರ ಕೈಯಿಂದ ಚೀಟಿ ಕಿತ್ಕೊಂಡವಳು ನಾನು. ನಾನು ನೋಡಿದ್ದನ್ನ ನಾನು ಬರೀತೀನಿ. ಬಂದಷ್ಟು ಬರಲಿ.”

ಸಾಹೇಬರು ದೇವರ ಮೇಲೆ ಭಾರ ಹಾಕಿದರು. ಹೆಬ್ಬೆರಳುಗಳು ಸಮವಾಗಿವೆಯೇ ಎಂದು ಆ ಹತ್ತು ದಿನ ನೋಡಿಕೊಳ್ಳಲಿಲ್ಲ.

ಪ್ರದರ್ಶನದ ದಿನ ಬೆಳಗ್ಗೆ ಅವರು ಸಭಾಂಗಣಕ್ಕೆ ಎಲ್ಲರಿಗಿಂತ ಮೊದಲು ಹೋದರು. ಉತ್ತರದ ಗೋಡೆಯಲ್ಲಿ, ಎರಡನೆಯ ಮತ್ತು ಮೂರನೆಯ ಕಿಟಕಿಗಳ ನಡುವೆ, ಅವರ ಕರಡಿ ನೀರು ಕುಡಿಯುತ್ತಿತ್ತು. ಕೆಳಗಿನ ಚೀಟಿಯಲ್ಲಿ ಟೀಚರಮ್ಮನ ಹೆಸರಿತ್ತು. ಸಾಹೇಬರು ಚೀಟಿ ಕಾಣದಂತೆ ಅಂಗೈ ಅಡ್ಡ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಏಳು ವರ್ಷಗಳ ಆಯಾಸವೆಲ್ಲ ಇಳಿದಂತಾಯಿತು. ಅಂಗೈ ತೆಗೆದಾಗ ಪುನಃ ಏರಿತು.

ಹತ್ತು ಗಂಟೆಗೆ ಟೀಚರಮ್ಮ ಹಲಗೆಯ ಮುಂದೆ ಕುಳಿತರು. ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ ಕಡ್ಡಿ ತೆಗೆದರು, ಎದುರು ನೋಡಿದರು, ಎಳೆಯತೊಡಗಿದರು. ಸುತ್ತ ಜನ ಸೇರಿದರು. ಸಾಹೇಬರು ಹಿಂದೆ ಬಿದ್ದರು. ಮುಂದೆ ನಿಂತವರ ಭುಜಗಳೇ ಅವರಿಗೆ ಕಾಣುತ್ತಿದ್ದವು. ಅರ್ಧ ಗಂಟೆಯಾದಾಗ ಮುಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಇನ್ನೊಬ್ಬರು. ಮುಕ್ಕಾಲು ಗಂಟೆಯಾದಾಗ ಜನರು ಚಿತ್ರ ನೋಡಿ, ಹಿಂದಕ್ಕೆ ತಿರುಗಿ ಸಾಹೇಬರನ್ನು ನೋಡಿ, ಮತ್ತೆ ಚಿತ್ರ ನೋಡತೊಡಗಿದರು. ಕರಡಿಯ ಕಾಲುಗಳು ಕೆಟ್ಟಿರಬೇಕೆಂದು ಸಾಹೇಬರು ಊಹಿಸಿದರು. ಗಂಟೆ ಮುಗಿದು ಜನ ದಾರಿ ಬಿಟ್ಟಾಗ ಹತ್ತಿರ ಹೋಗಿ ನೋಡಿದರು.

ಬೆಟ್ಟ ವಾಲಿತ್ತು. ಸರೋವರ ಪಾತ್ರೆಯಂತಿತ್ತು. ಆದರೆ ಕಾಗದದ ನಟ್ಟನಡುವೆ ಮಡಿಚುಪೀಠದ ಮೇಲೆ ಒಬ್ಬ ಮನುಷ್ಯ, ತೊಡೆಯ ಮೇಲೆ ತೆರೆದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮೂಗು, ಎರಡು ಕೈಗಳಲ್ಲಿ ಎರಡು ಹಸಿರು ಕಡ್ಡಿಗಳು. ಅವನ ಬೆನ್ನಿನ ಹಿಂದೆ, ಎರಡು ಕಾಲ ಮೇಲೆ ನಿಂತು, ಕತ್ತನ್ನು ಮುಂದೆ ಚಾಚಿ, ಯಾವ ಹಸಿರನ್ನು ಆರಿಸುವನೋ ಎಂಬ ಕುತೂಹಲದಿಂದ ಅವನ ಭುಜದ ಮೇಲಿಂದ ಇಣುಕುತ್ತಿದೆ ಕರಡಿ. ಒಂದು ಮರಿ ಅವನ ಟೋಪಿಯನ್ನು ಮೂಸುತ್ತಿದೆ. ಇನ್ನೊಂದು ಅವನ ಚೀಲದೊಳಗೆ ಅರ್ಧ ಇಳಿದಿದೆ.

“ಇದು,” ಎಂದರು ಸಾಹೇಬರು, “ಎಷ್ಟು ದೂರ?”

“ಎರಡು ಹೆಜ್ಜೆ.”

“ನಂಗೆ ಹೇಳಲಿಲ್ಲ ನೀನು.”

“ಹೇಳಿದೆ. ‘ರೀ, ಅಲುಗಾಡಬೇಡಿ’ ಅಂದೆ. ‘ಒಂದ್ನಿಮಿಷ ಇರೇ, ಹಸಿರು ಹುಡುಕ್ತಿದೀನಿ’ ಅಂದ್ರಿ. ನೀವು ಅಲುಗಾಡಲಿಲ್ಲ, ಅದಕ್ಕೇ ಬದುಕಿದ್ರಿ. ಆಮೇಲೆ ಹೇಳಿದ್ರೆ ಹೆದರ್ಕೋತೀರಿ ಅಂತ ಸುಮ್ಮನಾದೆ. ನೀವೂ ಬೆನ್ನು, ಬಾಲ ಎಲ್ಲ ಕೇಳಿದ್ರಿ, ಅದೊಂದು ಕೇಳಲಿಲ್ಲ.”

ಸಾಹೇಬರು ಪಕ್ಕದ ಕುರ್ಚಿಯಲ್ಲಿ ಕುಳಿತರು. ಅದು ಯಾರು ಕೊಟ್ಟ ಕುರ್ಚಿಯೆಂದು ವಿಚಾರಿಸಲಿಲ್ಲ.

ಅಷ್ಟರಲ್ಲಿ ದಂತವೈದ್ಯರು ಗೋಡೆಯ ಚಿತ್ರವನ್ನೂ ಹಲಗೆಯ ಚಿತ್ರವನ್ನೂ ಒಮ್ಮೆ ಹೋಲಿಸಿ ನೋಡಿ, ಅಲ್ಲಿ ಕರಡಿ ಆಚೆ ದಡದಲ್ಲಿದೆ, ಇಲ್ಲಿ ಹೆಗಲ ಮೇಲಿದೆ, ಇದು ಹೇಗೆಂದು ಕೇಳಿದರು. ನೀರು ಕುಡಿದದ್ದು ಆಮೇಲೆ ಎಂದು ಟೀಚರಮ್ಮ ವಿವರಿಸಿದರು. ಗೋಡೆಯ ಮೇಲಿನದನ್ನು ಬರೆದವರು ತಾವಲ್ಲ, ತಮ್ಮ ಯಜಮಾನರು ಎಂದೂ, ಈವರೆಗೆ ಯಾರೂ ಕೇಳಲಿಲ್ಲವಾಗಿ ಹೇಳಲಿಲ್ಲವೆಂದೂ ಸೇರಿಸಿದರು.

“ನೀವು ಬರೆದದ್ದಾ ಸರ್?” ಎಂದರು ವೈದ್ಯರು. ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಬಾರಿಗೆ ಉತ್ತರಕ್ಕಾಗಿ ಕಾದರು.

ತಕ್ಕಡಿ ಸಾಹೇಬರು ಎದ್ದು ನಿಂತರು. “ನಾನೇ. ಕಣ್ಣಲ್ಲಿ ನೋಡಿಲ್ಲ. ಅವತ್ತು ನನ್ನ ಬಾಯಿ ತೆರೆದೇ ಇತ್ತು. ಮುಚ್ಚಿದ ಮೇಲೂ ಹನ್ನೆರಡು ದಿನ ಸಮಯ ಇತ್ತು. ಹೇಳಬಹುದಾಗಿತ್ತು. ಹೇಳಲಿಲ್ಲ.”

ಹೀಗೆಂದು, ಯಾರ ತೀರ್ಪಿಗೂ ಕಾಯದೆ, ಗೋಡೆಯ ಬಳಿ ಹೋಗಿ ತಮ್ಮ ಚಿತ್ರವನ್ನು ತಾವೇ ಕೆಳಗಿಳಿಸಿದರು. ಸಮಿತಿಯವರು ಕೈಯಡ್ಡ ಹಿಡಿದು ಪಿಸುಗುಟ್ಟಿಕೊಂಡರು. ಅನಂತರ ಹೊಸ ಚಿತ್ರಕ್ಕೆ ಚೌಕಟ್ಟು ಹಾಕಿ, ಜೀವ ತುಂಬಿ ತುಳುಕುತ್ತಿದೆಯೆಂದು ಒಕ್ಕಣೆ ಬರೆದು, ಖಾಲಿಯಾದ ಮೊಳೆಗೇ ತೂಗುಹಾಕಿದರು. ಚಿತ್ರದಲ್ಲಿ ಬದುಕಿರುವ ವ್ಯಕ್ತಿಯೊಬ್ಬರಿದ್ದರೆ, ಅದು ತಾವೇ ಎಂದೂ ಚಿತ್ರವು ಯಥಾರ್ಥವೆಂದೂ ಅವರ ಸಹಿಯೂ ಬೇಕೆಂಬುದು ಸಂಘದ ಮೂರನೆಯ ನಿಯಮ. ಕಾಗದವನ್ನು ಸಾಹೇಬರ ಮುಂದೆ ಹಿಡಿದರು.

ಸಾಹೇಬರು ಲೇಖನಿ ತೆರೆದು, ಚಿತ್ರದ ಹತ್ತಿರ ಹೋಗಿ, ಕನ್ನಡಕ ಏರಿಸಿ ಬಹಳ ಹೊತ್ತು ಪರಿಶೀಲಿಸಿದರು.

“ಎಡಗೈಲಿರೋದು ತಪ್ಪು,” ಎಂದರು. “ಅವತ್ತು ಎಡಗೈಲಿ ಹದಿನಾಲ್ಕು ಹಿಡಿದಿದ್ದೆ. ಇದು ಹದಿನೇಳು.”

“ಅದೊಂದು ನಾನು ನೋಡ್ಲಿಲ್ಲ ರೀ,” ಎಂದರು ಟೀಚರಮ್ಮ. “ಕರಡಿ ನೋಡ್ತಿದ್ದೆ.”

“ಎಡಗೈಯ ಹಸಿರಿನ ಹೊರತು ಉಳಿದದ್ದು ನನ್ನ ಪತ್ನಿಯ ಸಾಕ್ಷ್ಯದ ಮೇರೆಗೆ ನಿಜ” ಎಂದು ಬರೆದು ತಕ್ಕಡಿ ಸಾಹೇಬರು ಸಹಿ ಮಾಡಿದರು. ಚೌಕಟ್ಟು ಬಲಕ್ಕೆ ಒಂದು ನೂಲಿನಷ್ಟು ವಾಲಿತ್ತು. ಅದನ್ನು ನೆಟ್ಟಗೆ ಮಾಡಿದರು. ಈ ಪ್ರಕಾರವಾಗಿ ಅವರು ಏಳು ವರ್ಷ ಹಂಬಲಿಸಿದ ಉತ್ತರದ ಗೋಡೆಯ ಮೇಲೆ, ಎರಡು ಕಿಟಕಿಗಳ ನಡುವೆ, ಒಳ್ಳೆಯ ಬೆಳಕಿನಲ್ಲಿ, ಕಡೆಗೂ ಇದ್ದರು. ನೋಡಲು ಬಂದವರೆಲ್ಲ ಮೊದಲು ಅವರನ್ನೇ ನೋಡಿದರು. ಪ್ರದರ್ಶನ ಮುಗಿದ ಮೇಲೆ ಸಂಘವು ಟೀಚರಮ್ಮನನ್ನು ಸದಸ್ಯೆಯನ್ನಾಗಿ ಸ್ವೀಕರಿಸಿ, ಮುಂದಿನ ಪ್ರವಾಸಕ್ಕೆ ಆಹ್ವಾನಿಸಿತು. ಸದಸ್ಯರು ಪೆಟ್ಟಿಗೆ ಹೊರಲು ಮನೆಯವರೊಬ್ಬರನ್ನು ಕರೆತರಬಹುದೆಂದು ಪತ್ರದ ಕೊನೆಯಲ್ಲಿ ತಿಳಿಸಿತ್ತು.

ಸಕಲ ಜೀವರಾಶಿಯನ್ನು ಬರೆದು, ತೀಡಿ, ತನಗೆ ತೃಪ್ತಿಯಾದ ಮೇಲೆಯೇ ಭೂಮಿಗೆ ಬಿಟ್ಟ ಆ ಪರಮ ಚಿತ್ರಕಾರನು ಈ ದಂಪತಿಗಳನ್ನು ಚೆನ್ನಾಗಿಟ್ಟಿರಲಿ. ಪತಿಯ ಹೆಗಲಿಗೆ ಪೆಟ್ಟಿಗೆ ಹಗುರವಾಗಲಿ, ಪತ್ನಿಯ ಕಣ್ಣಿಗೆ ಮಂಜು ಕವಿಯದಿರಲಿ. ಅವರ ಮನೆಯ ಗೋಡೆಗಳು ನೆಟ್ಟಗಿರಲಿ, ಒಲೆ ಆರದಿರಲಿ, ಮಾತಿಗೆ ಮಾತು ತಪ್ಪದಿರಲಿ. ಅವರು ಹೋದ ಕಾಡಿನಲ್ಲೆಲ್ಲ ಮೃಗಗಳು ಹೊಟ್ಟೆ ತುಂಬಿದ ಮೇಲೆಯೇ ಬಂದು, ಮುಂದಿನಿಂದಲೇ ಕಾಣಿಸಿಕೊಳ್ಳಲಿ. ಸಾಹೇಬರು ಒಮ್ಮೆಯಾದರೂ ತಲೆಯೆತ್ತಲಿ. ಎತ್ತಿದಾಗ ಎದುರಿಗೆ ಏನಾದರೂ ಇರಲಿ.